ಮಡಚುವ ಚಾಕುವಿನ ಆಯವ್ಯಯ

ಮಡಚಿ ಜೇಬಿನಲ್ಲಿಡುವ ಒಂದು ಚಾಕುವಿಗಾಗಿ ನಾನು 58,000 ರೂಪಾಯಿಗಳನ್ನು ವ್ಯಯಿಸಿದೆನೆಂಬ ವಾರ್ತೆ, ನಂಜನಗೂಡಿಗೂ ಚಾಮರಾಜನಗರಕ್ಕೂ ನಡುವೆ ಒಂದು ರೈಲು ನಿಲ್ದಾಣವನ್ನೂ ಈಚಿನ ವರ್ಷಗಳಲ್ಲಿ ಒಂದು ಕೈಗಾರಿಕಾ ಪ್ರದೇಶವನ್ನೂ ಪಡೆದುಕೊಂಡಿದ್ದರೂ ಬಾಳೆ ಅರಿಸಿನಗಳ ಧಾರಣೆಯಿಂದಲೇ ತನ್ನ ಸುಖದುಃಖಗಳನ್ನು ಅಳೆದುಕೊಳ್ಳುವ ಬದನಗುಪ್ಪೆಯಂಥ ಊರಿನಲ್ಲಿ, ಬಹುಕಾಲ ಗುಪ್ತವಾಗಿ ಉಳಿಯುವುದು ಶಕ್ಯವಿರಲಿಲ್ಲ. “ಅಷ್ಟು ದುಡ್ಗೆ ಒಂದು ಕಡಸು ಬತ್ತಿತ್ತಲ್ಲ ಕನ ಮಗ” ಎಂದು ನಮ್ಮ ದೊಡ್ಡಪ್ಪನವರು ಅಂದರು. ಅಂದು, ಚಾಕುವನ್ನು ಕೈಗೆ ತೆಗೆದುಕೊಂಡು, ಎರಡು ಮೂರು ಸಲ ಬಿಚ್ಚಿ ಮಡಚಿ, ಅಲಗಿನ ಮೇಲೆ ಹೆಬ್ಬೆರಳನ್ನು ಅಡ್ಡಲಾಗಿ ಸವರಿ, ಮುಂದೆ ಏನನ್ನೂ ನುಡಿಯದೆ ಹಿಂದಿರುಗಿಸಿದರು. ಕಡಸು ನಾಳೆ ಹಾಲನ್ನು ಕೊಡುವ ಸ್ವತ್ತು, ಚಾಕು ಏನನ್ನೂ ಈಯದ ವಸ್ತು ಎಂಬ ಭೇದ ಅವರ ಮಾತಿನಲ್ಲಿ ಸ್ಪಷ್ಟವಾಗಿತ್ತು. ಇಂಥ ಚಾಕುಗಳನ್ನು ಮಾರುವವರು ಮರೆಯಿಸಲು ಹೆಣಗುವುದು ಈ ಭೇದವನ್ನೇ ಆದ್ದರಿಂದ, ಆ ವಿಷಯವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿದೆ.

ನಾನು ಕೊಂಡದ್ದು ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಆರಿಸಿದ್ದಲ್ಲ. ಪರದೇಶದ ಒಬ್ಬ ಕುಶಲಕರ್ಮಿಗೆ ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟು, ಉಕ್ಕು ಯಾವುದು, ಹಿಡಿ ಯಾವುದು, ಅಲಗಿನ ಉದ್ದವೆಷ್ಟು ಎಂಬುದನ್ನೆಲ್ಲ ಪತ್ರಮುಖೇನ ನಿಶ್ಚಯಿಸಿ, ದೀರ್ಘಕಾಲ ಕಾದು ಮಾಡಿಸಿದ್ದು. ಉಕ್ಕು ಎಸ್30ವಿ, ಹಿಡಿ ಟೈಟೇನಿಯಂ, ಬೀಗ ಫ್ರೇಮ್ ಲಾಕ್, ಅಲಗು ಮೂರೂಕಾಲು ಅಂಗುಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು ಚಾಕುಗಳ ವಿಷಯದಲ್ಲಿ ಹೇಳುವ ಅಳತೆ ಒಂಬತ್ತು ಅಂಗುಲದ ಉದ್ದ, ಎರಡು ಅಂಗುಲದ ಅಗಲ. ನನ್ನದು ಅದರ ಬಳಿಗೂ ಸುಳಿಯದು. ತೋಟದಲ್ಲಿ ಗೊಬ್ಬರದ ಚೀಲದ ಹೊಲಿಗೆಯನ್ನು ಬಿಚ್ಚುವುದು, ಹನಿ ನೀರಾವರಿಯ ಪೈಪನ್ನು ಕೊಯ್ಯುವುದು, ಗೊನೆಯಿಂದ ಚಿಪ್ಪನ್ನು ಬೇರ್ಪಡಿಸುವುದು, ಮಧ್ಯಾಹ್ನ ಒಂದು ಸೀಬೆಹಣ್ಣನ್ನು ಹೆಚ್ಚುವುದು, ಇವಿಷ್ಟೇ ಅದರ ದಿನಚರಿ. ಗೊನೆಯನ್ನು ಕಡಿಯುವುದಕ್ಕೆ ಮಚ್ಚು ಇದ್ದೇ ಇದೆ.

ಅಲಗಿನ ಮೇಲೆ ನೀರಿನ ಅಲೆಗಳಂತೆ ರೇಖೆಗಳು ಮೂಡಿರುವ ಡಮಾಸ್ಕಸ್ ಉಕ್ಕನ್ನೇ ಆರಿಸಿಕೊಳ್ಳಬೇಕೆಂದೂ ಅದಕ್ಕೆ ಇನ್ನಷ್ಟು ಹಣವನ್ನು ತೆತ್ತರೆ ಶೋಭೆಯೂ ಮೌಲ್ಯವೂ ವರ್ಧಿಸುವುವೆಂದೂ ಆ ಕುಶಲಕರ್ಮಿ ಆಗ್ರಹಿಸಿದ. ಅಂಥ ರೇಖೆಗಳ ಉಕ್ಕು ನಮ್ಮ ಸೀಮೆಗೆ ಹೊಸದಲ್ಲ. ಟಿಪ್ಪುವಿನ ಪತನಾನಂತರ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕುಲುಮೆಗಳಲ್ಲಿ ಕಬ್ಬಿಣವನ್ನೂ ಉಕ್ಕನ್ನೂ ತಯಾರಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ದಕ್ಷಿಣದೇಶದ ಆ ಮೂಸೆಯ ಉಕ್ಕಿನ ಅಲಗುಗಳಲ್ಲಿ ತೋರುತ್ತಿದ್ದ ರೇಖೆಗಳು ಲೋಹದ ಅಂತರಂಗದಿಂದ ತಾವಾಗಿ ಮೂಡಿದವು. ಈಗ ಡಮಾಸ್ಕಸ್ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಮಾರಾಟವಾಗುವುದು ಎರಡು ಜಾತಿಯ ಉಕ್ಕಿನ ಪದರಗಳನ್ನು ಬೆಸೆದು, ಆಮ್ಲದಲ್ಲಿ ಅದ್ದಿ ಎಬ್ಬಿಸಿದ ಚಿತ್ತಾರ. ನೋಟಕ್ಕೆ ರಮಣೀಯವೇ. ಆದರೆ ಚಿತ್ತಾರ ಹಗ್ಗವನ್ನು ಕೊಯ್ಯುವುದಿಲ್ಲ. ಸಾದಾ ಅಲಗೇ ಸಾಕೆಂದು ಬರೆದೆ.

ಇನ್ನು ಲೆಕ್ಕ. ಕರ್ಮಿಯ ಬೆಲೆ 36,000 ರೂಪಾಯಿ. ಅದನ್ನು ಕಾರ್ಡಿನ ಮೂಲಕ ಪರದೇಶದ ನಾಣ್ಯದಲ್ಲಿ ಪಾವತಿಮಾಡಿದ್ದಕ್ಕೆ ಬ್ಯಾಂಕು ಶೇಕಡ 3.5ರಂತೆ 1,260 ರೂಪಾಯಿಗಳನ್ನೂ, ಆ ಸೇವೆಯ ಮೇಲೆ ಶೇಕಡ 18ರ ಜಿಎಸ್‌ಟಿ ಎಂದು 227 ರೂಪಾಯಿಗಳನ್ನೂ ಮುರಿದುಕೊಂಡಿತು. ಸಾಗಣೆ, ಸುಂಕ, ತೆರಿಗೆಗಳೆಲ್ಲ ಸೇರಿ 16,513. ಇಲ್ಲಿಗೆ 54,000. ಬಹುಮಂದಿ ತಮ್ಮ ಗಣನೆಯನ್ನು ಇಲ್ಲಿಯೇ, ಅಥವಾ ಇದಕ್ಕೂ ಮೊದಲೇ, ನಿಲ್ಲಿಸುತ್ತಾರೆ. ಆದರೆ ಮಸೆಯುವ ವೆಚ್ಚ ಇನ್ನೂ ಉಳಿದಿದೆ. ಎಸ್30ವಿ ಉಕ್ಕಿನಲ್ಲಿ ಶೇಕಡ 4ರಷ್ಟು ವೆನೇಡಿಯಂ ಇದೆ. ಅದರ ಕಾರ್ಬೈಡ್ ಕಣಗಳು ನಮ್ಮ ಸಾಮಾನ್ಯ ಸಾಣೆಕಲ್ಲಿನ ಅಲ್ಯುಮಿನಿಯಂ ಆಕ್ಸೈಡಿಗಿಂತಲೂ ಕಠಿಣವಾದುವು. ಸಂತೆಯಲ್ಲಿ ಚಕ್ರ ತಿರುಗಿಸುತ್ತ ಸಾಣೆ ಹಿಡಿಯುವವನ ಕೈಗೆ ಇಂಥ ಅಲಗನ್ನು ಒಪ್ಪಿಸಿದರೆ, ಹರಿತವಾಗುವುದಕ್ಕೆ ಮೊದಲೇ ಕಾದು ಹದ ಕೆಡುವುದು ಸಂಭವ. ಆದುದರಿಂದ ವಜ್ರದ ಪುಡಿ ಲೇಪಿಸಿದ ಸಾಣೆಫಲಕಗಳೂ ಎಣ್ಣೆಯೂ ಎಂದು ಮತ್ತೆ 4,000. ಒಟ್ಟು 58,000.

ಈ ಹಣ ಶೇಕಡ 7ರ ಬಡ್ಡಿ ಬರುತ್ತಿದ್ದ ಠೇವಣಿಯಿಂದ ಬಂದದ್ದು. ಚಾಕು ಇಪ್ಪತ್ತು ವರ್ಷ ಬಾಳುವುದೆಂದು ಇಟ್ಟುಕೊಳ್ಳೋಣ. ನಾನೂ ಬಾಳುವೆನೆಂದು ಇಟ್ಟುಕೊಳ್ಳೋಣ. ಅಸಲನ್ನು ಇಪ್ಪತ್ತರಿಂದ ಭಾಗಿಸಿ ವರ್ಷಕ್ಕೆ 2,900 ಎಂದು ತೃಪ್ತಿಪಟ್ಟುಕೊಳ್ಳುವುದು ಬಾಲಿಶ, ಏಕೆಂದರೆ ಕೈಬಿಟ್ಟುಹೋದ ಬಡ್ಡಿಯೂ ವೆಚ್ಚವೇ. ಅದನ್ನೂ ಸೇರಿಸಿ ಸಮಕಂತುಗಳಾಗಿ ಹಂಚಿದರೆ ವರ್ಷಕ್ಕೆ ಸುಮಾರು 5,475 ರೂಪಾಯಿ ಬೀಳುತ್ತದೆ. ಈಗ ಮಾರುವವನ ವಾದಕ್ಕೆ ಬರೋಣ: “ಇಂಥ ಚಾಕುವಿಗೆ ಮರುಮಾರಾಟದ ಬೆಲೆ ಇದ್ದೇ ಇರುತ್ತದೆ.” ಇರಲಿ. ಇಪ್ಪತ್ತು ವರ್ಷಗಳ ಬಳಿಕ ಅರ್ಧ ಬೆಲೆಗೆ, ಎಂದರೆ 29,000ಕ್ಕೆ ಮಾರಿದೆನೆನ್ನಿ. ಅಂದು ಬರುವ ಆ 29,000, ಶೇಕಡ 7ರ ಲೆಕ್ಕದಲ್ಲಿ ಇಂದಿಗೆ ಕೇವಲ 7,500 ರೂಪಾಯಿಗಳಿಗೆ ಸಮ. ವಾರ್ಷಿಕ ವೆಚ್ಚ 5,475ರಿಂದ 4,767ಕ್ಕೆ ಇಳಿಯುತ್ತದೆ, ಅಷ್ಟೆ. ಇನ್ನೂ ಉದಾರವಾಗಿ, ಒಂದು ಕಾಸೂ ಕಡಿಮೆಯಿಲ್ಲದೆ ಪೂರ್ಣ 58,000 ರೂಪಾಯಿಗಳೇ ಹಿಂದಿರುಗಿದವೆಂದು ಊಹಿಸಿದರೂ, ವರ್ಷಕ್ಕೆ 4,060 ರೂಪಾಯಿಗಳ ಬಡ್ಡಿಯನ್ನು ನಾನು ತೆತ್ತೇ ಇರುತ್ತೇನೆ. ಮಾರುವವನು ಅತ್ಯಂತ ದೊಡ್ಡದೆಂದು ಮುಂದೊಡ್ಡುವ ಪ್ರಲೋಭನೆ, ಅಕ್ಷರಶಃ ನಿಜವಾದ ಪಕ್ಷದಲ್ಲಿಯೂ, ವೆಚ್ಚದ ಕಾಲುಭಾಗವನ್ನು ಮಾತ್ರ ಕಳೆಯಬಲ್ಲದು!

ಹೀಗಿರುವಾಗ, ‘ಸೀಮಿತ ಆವೃತ್ತಿ’ ಎಂದು ಸಂಖ್ಯೆ ಕೆತ್ತಿ, ಮಖಮಲ್ಲಿನ ಚೀಲದಲ್ಲಿಟ್ಟು, ಪ್ರಮಾಣಪತ್ರವೊಂದನ್ನು ಜೊತೆಗೂಡಿಸಿ, ಇದನ್ನು ಉಪಯೋಗಿಸದೆ ಪೆಟ್ಟಿಗೆಯಲ್ಲಿಯೇ ಇಟ್ಟರೆ ಮೌಲ್ಯ ಏರುವುದೆಂದು ಉಪದೇಶಿಸುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಕೊಯ್ಯದ ಚಾಕುವಿಗೆ ಬಡ್ಡಿ ಕಟ್ಟುತ್ತ ಕೂರುವುದು ಯಾವ ಬಗೆಯ ಹೂಡಿಕೆ? ಅದನ್ನೇ ಕಂತುಗಳ ಮೇಲೆ, ‘ಬಡ್ಡಿರಹಿತ’ ಎಂಬ ಹಣೆಪಟ್ಟಿಯೊಡನೆ ಮಾರುವುದುಂಟು. ಬಡ್ಡಿ ಇಲ್ಲವೆಂದ ಮೇಲೂ ಬಡ್ಡಿಯ ಅಂಶದ ಮೇಲಿನ ಜಿಎಸ್‌ಟಿ ಮಾತ್ರ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೆಚ್ಚು ಹೇಳಲಾರೆ.

ಅಗ್ಗದ ಮಾರ್ಗಗಳಿಲ್ಲವೇ ಎಂದರೆ, ಧಾರಾಳವಾಗಿವೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್, ಮರದ ಹಿಡಿಯ ಸರಳ ಚಾಕು. ನನ್ನ ಚಾಕುವಿನ ಒಂದು ವರ್ಷದ ಬಡ್ಡಿಯಲ್ಲಿಯೇ ಅದು ಬರುತ್ತದೆ. ಕಾರ್ಬನ್ ಉಕ್ಕಿನದನ್ನು ಕೊಂಡರೆ ಬಾಳೆಯ ಸೊನೆ ತಗುಲಿ ಅಲಗು ಕಪ್ಪಾಗುವುದು, ಕೊಯ್ತಕ್ಕೆ ಬಾಧಕವಿಲ್ಲ. ಸ್ವಿಟ್ಜರ್‌ಲೆಂಡಿನ ವಿಕ್ಟೊರಿನಾಕ್ಸ್ ವಿಷಯವನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಕ್ರಿಸ್ ರೀವ್ ಎಂಬ ಚಾಕುತಯಾರಕ ರೂಪಿಸಿದ ಸೆಬೆಂಝಾ ಇವುಗಳಿಗಿಂತ ಹೆಚ್ಚು ಬೆಲೆಯದಾದರೂ ಸಿದ್ಧವಸ್ತು. ಗುಣದಲ್ಲಿ ನಾನು ಮಾಡಿಸಿದ್ದಕ್ಕೆ ಅದು ಒಂದಿಷ್ಟೂ ಕಡಿಮೆಯಲ್ಲವೆಂದು ಒಪ್ಪಲೇಬೇಕು. ಕೊಡಗಿನ ಪೀಚೆಕತ್ತಿ ಅತಿ ಸುಂದರವಾದುದು, ಆದರೆ ಅದು ಸೊಂಟಪಟ್ಟಿಯ ಆಭರಣ, ಮಡಚುವಂಥದಲ್ಲ.

ಹಾಗಾದರೆ ನಾನೇಕೆ ಮಾಡಿಸಿದೆ? ನನ್ನ ಎಡಗೈಗೆ ಒಪ್ಪುವ ಬೀಗವೂ, ಬೆವರಿದ ಅಂಗೈಯಲ್ಲಿ ಜಾರದ ಹಿಡಿಯೂ ಬೇಕಾಗಿದ್ದವು. ಫ್ರೇಮ್ ಲಾಕ್ ಚಾಕುಗಳೆಲ್ಲ ಬಹುಮಟ್ಟಿಗೆ ಬಲಗೈಯವರಿಗಾಗಿಯೇ ನಿರ್ಮಿತವಾದುವು. ಅಲ್ಲದೆ, ಒಬ್ಬ ಮನುಷ್ಯ ತನ್ನ ಕೈಯಾರೆ ಒಂದು ಯಂತ್ರವನ್ನು ಕೂದಲೆಳೆಯ ಅಂತರವೂ ಉಳಿಯದಂತೆ ಜೋಡಿಸಬಲ್ಲನೆಂಬುದನ್ನು ನಿತ್ಯವೂ ಕಾಣುವ ಸಂತೋಷ ನನಗೆ ವರ್ಷಕ್ಕೆ 5,475 ರೂಪಾಯಿಗಳಷ್ಟು ಬೆಲೆಬಾಳುತ್ತದೆ. ದಿನಕ್ಕೆ ಹದಿನೈದೇ ರೂಪಾಯಿ ಎಂದು ಹೇಳಲಾರೆ. ದಿನದಿಂದ ಭಾಗಿಸುವುದು ಮಾರುವವನ ಗಣಿತ, ಕೊಳ್ಳುವವನು ವರ್ಷದಿಂದ ಭಾಗಿಸಬೇಕು.

ಆದರೆ ಈ ಸಂತೋಷಕ್ಕೆ ಪಥ್ಯವಿದೆ. ಒಂದು ಒಳ್ಳೆಯ ಚಾಕುವನ್ನು ಕೊಂಡವನು ಆರು ತಿಂಗಳೊಳಗೆ ಎರಡನೆಯದರ ಧ್ಯಾನದಲ್ಲಿ ತೊಡಗುತ್ತಾನೆ. ಮೊದಲನೆಯದು ಮೊಂಡಾಗಿ ಮೂಲೆ ಸೇರುತ್ತದೆ. ವಾರಕ್ಕೊಮ್ಮೆ ಸಂಜೆಯ ಹೊತ್ತು ಕುಳಿತು ಅಲಗನ್ನು ಮಸೆಯುವ, ತಿರುಗಣಿಗೆ ಒಂದು ತೊಟ್ಟು ಎಣ್ಣೆ ಬಿಡುವ, ಕೆಲಸ ಮುಗಿದೊಡನೆ ಸೊನೆಯನ್ನು ಒರೆಸುವ ಅಭ್ಯಾಸವಿಲ್ಲದವನಿಗೆ ಎಂಥ ಉಕ್ಕೂ ವ್ಯರ್ಥ. ಮಸೆಯಲು ಬಾರದಿದ್ದರೆ ಮೊದಲು ಮನೆಯ ಈಳಿಗೆಮಣೆಯ ಮೇಲೆ ಕಲಿಯಬೇಕು. ನಮ್ಮಲ್ಲಿ ಪದಾರ್ಥಗಳನ್ನು ಕೊಳ್ಳುವ ಶಕ್ತಿ ಬೆಳೆದಷ್ಟು ಶೀಘ್ರವಾಗಿ ಅವುಗಳನ್ನು ಕಾಪಾಡುವ ಶೀಲ ಬೆಳೆಯಲಿಲ್ಲವೆಂಬುದು, ಅಂಗಳದಲ್ಲಿ ತುಕ್ಕು ಹಿಡಿಯುತ್ತ ನಿಂತ ಟಿಲ್ಲರುಗಳನ್ನು ಕಂಡಾಗಲೆಲ್ಲ ನನಗೆ ಅನ್ನಿಸುತ್ತದೆ.

ಇಷ್ಟಾಗಿಯೂ ಮಾಡಿಸಿಯೇ ತೀರುವೆನೆಂಬ ವಾಚಕರಿಗೆ ಒಂದು ವಿಜ್ಞಾಪನೆ. ಮುಂಗಡವನ್ನು ಕಳುಹಿಸುವ ಮುನ್ನ, ವಸ್ತು ಯಾವ ತಿಂಗಳೊಳಗೆ ಕೈಸೇರುವುದು, ತಪ್ಪಿದರೆ ಮುಂಗಡ ಪೂರ್ತಿಯಾಗಿ ಹಿಂದಿರುಗುವುದೇ, ರಿಪೇರಿಗೆ ಕಳುಹಿಸಿದಾಗ ಹೋಗಿಬರುವ ಸಾಗಣೆಯ ವೆಚ್ಚವೂ ಮರಳಿ ಬರುವಾಗಿನ ಸುಂಕವೂ ಯಾರ ತಲೆಯ ಮೇಲೆ ಎಂಬ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಉತ್ತರ ಕೊಡಲೊಲ್ಲದವನು ಎಷ್ಟೇ ದೊಡ್ಡ ಕಲಾವಿದನಾಗಿರಲಿ, ಅವನಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.