ಕಂಪನಿ ಕೊಟ್ಟ ಡೀಸೆಲ್ ಹೈಬ್ರಿಡ್

ಬಿ.ಸಿ.ರೋಡಿನಿಂದ ಹೊರಟು ಸಿದ್ಧಕಟ್ಟೆ ದಾರಿಯಲ್ಲಿ ಮೂಡುಬಿದಿರೆ, ಅಲ್ಲಿಂದ ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ. ಹೀಗೆ ದಿನವಿಡೀ ಸುತ್ತುವ ನಿಮಗೆ ಕಂಪನಿಯವರು ಹಳೆಯ ಸಿಯಾಜ್ ಅಥವಾ ಎರ್ಟಿಗಾ ಡೀಸೆಲ್ ಹೈಬ್ರಿಡ್ ಕೊಟ್ಟಿದ್ದರೆ, ಅಂಥದ್ದೇ ಕಾರು ಓಡಿಸಿದವನ ಎರಡು ಮಾತು ಕೇಳಿ.

2015ರಲ್ಲಿ ಬಂದ ಈ ಕಾರು ಬರೀ ಬ್ಯಾಟರಿಯಲ್ಲಿ ಒಂದು ಮಾರೂ ಓಡುವುದಿಲ್ಲ. 1,248 ಸಿಸಿ ಎಂಜಿನ್ನಿಗೆ ಬೆಲ್ಟಿನ ಮೂಲಕ ಒಂದು ಸ್ಟಾರ್ಟರ್ ಜನರೇಟರ್ ಕೈಜೋಡಿಸುತ್ತದೆ, ಅಷ್ಟೆ. ಸಿಯಾಜ್‌ಗೆ ಹೇಳಿದ್ದ ಮೈಲೇಜು ಲೀಟರಿಗೆ 28.09 ಕಿ.ಮೀ. ನಮ್ಮ ಏರುತಗ್ಗಿನಲ್ಲಿ ಅದನ್ನು ನಂಬಿ ಡೀಸೆಲ್ ಭತ್ಯೆ ಒಪ್ಪಿಕೊಳ್ಳಬೇಡಿ.

ಚಾರ್ಮಾಡಿ ವಿಷಯ ಗಟ್ಟಿಯಾಗಿಯೇ ಹೇಳುತ್ತೇನೆ. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಬ್ಯಾಟರಿಗೆ ಹೋಗುವ ಚಾರ್ಜು ಬ್ರೇಕಿನ ಕೆಲಸ ಮಾಡುತ್ತದೆಂದು ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ಹಿಡಿತವೇ ತಪ್ಪುತ್ತದೆ. ಹತ್ತಿ ಮುಗಿಸಿ ಚಹಾಕ್ಕೆ ನಿಲ್ಲಿಸುವ ಮೊದಲು, ಎಂಜಿನ್ ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ಬಟನ್ ಒತ್ತಿ ಆಫ್ ಮಾಡಿ. ಕಾದ ಟರ್ಬೊಗೆ ಒಂದು ನಿಮಿಷ ಆಯಿಲ್ ಹರಿಯಲಿ. ಆಟಿಯ ಮಳೆಯಲ್ಲೂ ಹಾಗೇ. ಎಂಜಿನ್ ನಿಂತರೆ ಎಸಿ ಕಂಪ್ರೆಸರ್ ನಿಲ್ಲುತ್ತದೆ, ಗಾಜಿಗೆ ಮಂಜು ಹಿಡಿಯುತ್ತದೆ, ಎದುರಿಂದ ಬರುವ ಬಸ್ಸೇ ಕಾಣುವುದಿಲ್ಲ.

ಬ್ಯಾಟರಿ ಹೋದರೆ ಮ್ಯಾನುವಲ್ಲಿನಲ್ಲಿ ಹೇಳಿದ್ದನ್ನೇ ಹಾಕಿಸಿ. ನನಗೊಮ್ಮೆ ಗ್ಯಾರೇಜಿನಲ್ಲಿ ಸಾದಾ ಬ್ಯಾಟರಿ ಹಾಕಿಕೊಟ್ಟರು. ಪದೇ ಪದೇ ಸ್ಟಾರ್ಟ್ ಆಗುವ ಕಾರಿಗೆ ಅದು ಬಾಳಲಿಲ್ಲ.

ಇನ್ನು ಲಾಗ್‌ಬುಕ್. ತಾರೀಕು, ಹೋದ ಊರು, ಕಿ.ಮೀ., ಕೆಲಸ, ಎಲ್ಲವನ್ನೂ ಅಂದಂದೇ ಬರೆಯಿರಿ. ಮನೆಯವರನ್ನು ಧರ್ಮಸ್ಥಳಕ್ಕೆ ಕರೆದೊಯ್ದ ಭಾನುವಾರದ ಓಟವನ್ನು ಬೇರೆಯಾಗಿ ಬರೆಯಿರಿ, ಆದಾಯ ತೆರಿಗೆಯವರು ಕೇಳುವುದು ಅದನ್ನೇ.