ಮೈಲಿ ಓಡುವವನಿಗೆ ಎಷ್ಟು ಚುರುಕು ಬೇಕು?

ನಮ್ಮ ಉಚಿತ ವಾಚನಾಲಯಕ್ಕೆ ಸಂಜೆ ಬರುವ ತರುಣರಲ್ಲಿ ಕೆಲವರು ಪತ್ರಿಕೆಯನ್ನು ಹಿಂದಿನಿಂದ ಓದುತ್ತಾರೆ. ಅಂದರೆ ಮೊದಲು ಕ್ರೀಡೆಯ ಪುಟ, ಸಮಯ ಉಳಿದರೆ ಮಿಕ್ಕದ್ದು. ಇಂಥವರಲ್ಲಿ ಒಬ್ಬ ಹುಡುಗ ಎರಡು ವರ್ಷದ ಹಿಂದೆ ನಮ್ಮನ್ನು ಒಂದು ಪ್ರಶ್ನೆ ಕೇಳಿದ. ಅದಕ್ಕೆ ನಾವು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪಿನಿಂದ ಅವನ ಒಂದು ವರ್ಷ ಹೋಯಿತು. ಆದ್ದರಿಂದಲೇ ಈ ಪಾಠವನ್ನು ಬರೆಯಬೇಕಾಯಿತು.

ಸೈನ್ಯದ ಭರತಿಯಲ್ಲಿ 1.6 ಕಿಲೋಮೀಟರ್ ಓಟ ಉಂಟು, ಅಂದರೆ ಹೆಚ್ಚುಕಡಿಮೆ ಒಂದು ಮೈಲಿ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವನಿಗೆ ಪೂರ್ಣ ಅಂಕ. ಈ ಹುಡುಗ ಅದರಲ್ಲಿ ಹಿಂದೆ ಬಿದ್ದು ಬಂದಿದ್ದ. ಮೈದಾನದಲ್ಲಿ ನಾವು ಅಳೆದಾಗ 5 ನಿಮಿಷ 54 ಸೆಕೆಂಡು ಬಂತು. "ನಾನು ಇನ್ನೂ ಚುರುಕಾಗಬೇಕೇ?" ಎಂದು ಕೇಳಿದ. ಸ್ಟಾಪ್ ವಾಚು ಹಿಡಿದವನೇ ಗುರು ಎಂಬ ಭ್ರಮೆ ನಮಗೆ. "ಹೌದು, ದಿನಾ ಹತ್ತು ಸಲ ನೂರು ಮೀಟರ್ ಓಡು" ಎಂದೆವು. ಪಾಪ, ಮಳೆಯಲ್ಲಿಯೂ ಬಿಡದೆ ಓಡಿದ. ನೂರು ಮೀಟರಿಗೆ 13.4 ಸೆಕೆಂಡು ತೆಗೆದುಕೊಳ್ಳುತ್ತಿದ್ದವನು 12.8ಕ್ಕೆ ಬಂದ. ನಮಗೆ ಬಹಳ ಹೆಮ್ಮೆಯಾಯಿತು. ಆಮೇಲೆ 1600 ಮೀಟರ್ ಓಡಿಸಿದೆವು. 5 ನಿಮಿಷ 52 ಸೆಕೆಂಡು! ಅಷ್ಟೆಲ್ಲ ಬೆವರಿಗೆ ದೊರೆತ ಲಾಭ ಎರಡು ಸೆಕೆಂಡು.

ಗಿರಣಿಯ ಕಚೇರಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ನಾವು ಮೊದಲ ಪುಟದಿಂದ ಮತ್ತೆ ಕೂಡುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಬೇಕಾಯಿತು.

ಮೊದಲು ಒಂದು ಸಣ್ಣ ಗಣಿತ. ಮೈಲಿಗೆ 1760 ಗಜ, ಎಂಟು ಫರ್ಲಾಂಗು. ಮೀಟರಿನಲ್ಲಿ 1609 ಮತ್ತು ಸ್ವಲ್ಪ. 1954ರ ಮೇ 6ರಂದು ಆಕ್ಸ್‌ಫರ್ಡಿನ ಇಫ್ಲೀ ರೋಡ್ ಮೈದಾನದಲ್ಲಿ ರೋಜರ್ ಬ್ಯಾನಿಸ್ಟರ್ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಮುಗಿಸಿದಾಗ ಜಗತ್ತೇ ಬೆರಗಾಯಿತು. ನಾಲ್ಕು ನಿಮಿಷದ ಮೈಲಿಯೆಂದರೆ ಫರ್ಲಾಂಗಿಗೆ 30 ಸೆಕೆಂಡು, ನೂರು ಮೀಟರಿಗೆ ಸುಮಾರು 15 ಸೆಕೆಂಡು. ನೂರು ಮೀಟರನ್ನು 15 ಸೆಕೆಂಡಿನಲ್ಲಿ ಓಡುವ ಹುಡುಗರು ನಮ್ಮ ಶಾಲೆಗಳಲ್ಲಿ ಎಷ್ಟು ಜನ ಬೇಕು? ಇಂದಿನ ಜಾಗತಿಕ ದಾಖಲೆ ಮೊರಾಕ್ಕೊ ದೇಶದ ಹಿಶಾಮ್ ಎಲ್ ಗೆರೂಜ್ ಅವರದು. 1999ರ ಜುಲೈ 7ರಂದು ರೋಮಿನಲ್ಲಿ 3 ನಿಮಿಷ 43.13 ಸೆಕೆಂಡು. ಅದೂ ನೂರು ಮೀಟರಿಗೆ ಸರಾಸರಿ 13.9 ಸೆಕೆಂಡು ಮಾತ್ರ. ನಮ್ಮ ಹುಡುಗ ಅದಕ್ಕಿಂತ ಒಂದು ಸೆಕೆಂಡು ಮುಂದೆ! ಆದರೆ ಅವನದು ಒಂದೇ ನೂರು. ಅವರದು ಒಂದರ ಬೆನ್ನಿಗೆ ಒಂದರಂತೆ ಹದಿನಾರು.

ಹಾಗಾದರೆ ಚುರುಕು ಬೇಡವೇ? ಬೇಕು. ನಾಲ್ಕು ನೂರು ಮೀಟರನ್ನು ಪ್ರಾಣ ಬಿಟ್ಟು ಓಡಿದರೂ 60 ಸೆಕೆಂಡು ಹಿಡಿಯುವವನು ನಾಲ್ಕು ನಿಮಿಷದ ಮೈಲಿಯನ್ನು ಕನಸಿನಲ್ಲಿಯೂ ಓಡಲಾರ. ಅವನ ಚಾವಣಿಯೇ ಅಲ್ಲಿಗೆ ಮುಗಿಯಿತು. ಚಾವಣಿಗೆ ತಲೆ ತಾಗಿಸಿಕೊಂಡು ಯಾರೂ ಬಹಳ ದೂರ ನಡೆಯಲಾರರು. ಮೇಲೆ ಸ್ವಲ್ಪ ಜಾಗ ಬೇಕು. ಆ ಜಾಗ ಎಷ್ಟಿದೆ, ಎಷ್ಟು ಸಾಕು ಎಂಬುದೇ ಪ್ರಶ್ನೆ.

ಇದರ ಹಿಂದಿನ ಕಾರಣ ಶರೀರದಲ್ಲಿದೆ. ಪೂರ್ಣ ವೇಗದ ಓಟಕ್ಕೆ ಬೇಕಾದ ಶಕ್ತಿ ಸ್ನಾಯುವಿನಲ್ಲಿಯೇ ಕೂಡಿಟ್ಟ ಗಂಟು; ಕೆಲವೇ ಸೆಕೆಂಡುಗಳಲ್ಲಿ ಕರಗುತ್ತದೆ. ಆಮೇಲೆ ಉಸಿರಿನ ಆಮ್ಲಜನಕ ಬಂದು ಸೇರುವ ಮೊದಲೇ ಖರ್ಚು ಮಾಡಬೇಕಾದರೆ ಅದು ಸಾಲ. ಓಟ ಮುಗಿದ ಮೇಲೆ ಏದುಸಿರು ಬಿಡುತ್ತೇವಲ್ಲ, ಅದೇ ಆ ಸಾಲದ ಮರುಪಾವತಿ. ಇದನ್ನು ಅಭ್ಯಾಸ ಮಾಡಿದ ಎ. ವಿ. ಹಿಲ್ ಎಂಬ ಇಂಗ್ಲೆಂಡಿನ ವಿಜ್ಞಾನಿಗೆ ಸ್ನಾಯುಗಳ ಸಂಶೋಧನೆಗಾಗಿ 1922ನೆಯ ವರ್ಷದ ನೊಬೆಲ್ ಬಹುಮಾನ ಬಂದಿತ್ತು. ಮೈಲಿಯ ಓಟದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಖರ್ಚು ಉಸಿರಿನ ಸಂಪಾದನೆಯಿಂದ ನಡೆಯುತ್ತದೆ. ಮಿಕ್ಕ ಒಂದು ಪಾಲು ಮಾತ್ರ ಸಾಲ. ನಾವು ಆ ಹುಡುಗನಿಗೆ ಒಂದು ವರ್ಷ ಸಾಲ ಎತ್ತುವುದನ್ನು ಕಲಿಸಿದ್ದೆವು, ಸಂಪಾದನೆಯನ್ನಲ್ಲ.

ಚಾವಣಿಯನ್ನು ಅಳೆಯುವ ವಿಧಾನ ಸುಲಭ. ಓಟಗಾರನ ಮೂರು ಉತ್ತಮ ಸಮಯಗಳನ್ನು ತೆಗೆದುಕೊಳ್ಳಿ: 400 ಮೀಟರ್, 800 ಮೀಟರ್, ಮೈಲಿ. ಮೂರನ್ನೂ 400 ಮೀಟರಿನ ಸುತ್ತಿಗೆ ಭಾಗಿಸಿ, ನಡುವಿನ ಅಂತರಗಳನ್ನು ನೋಡಿ. (ಮೈಲಿಯ ಕಾಲುಭಾಗ 400 ಮೀಟರಿಗಿಂತ ಎರಡು ಮೀಟರು ಹೆಚ್ಚು, ನಮ್ಮಂಥವರ ಲೆಕ್ಕಕ್ಕೆ ಅದು ಗಣನೆಗೆ ಬಾರದು.) ಇಂಗ್ಲೆಂಡಿನ ತರಬೇತಿದಾರ ಫ್ರಾಂಕ್ ಹಾರ್ವಿಲ್, ಒಳ್ಳೆಯ ಓಟಗಾರನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುತ್ತಿಗೆ ನಾಲ್ಕು ಸೆಕೆಂಡು ಹೆಚ್ಚುತ್ತದೆ ಎಂಬ ನಿಯಮ ಹೇಳುತ್ತಿದ್ದರು. ಅದರಂತೆ ನಾಲ್ಕು ನಿಮಿಷದ ಮೈಲಿಗೆ 800 ಮೀಟರ್ 1 ನಿಮಿಷ 52 ಸೆಕೆಂಡು, 400 ಮೀಟರ್ 52 ಸೆಕೆಂಡು ಇರಬೇಕು.

ದೊಡ್ಡವರ ಮೇಲೆ ಇದನ್ನು ಪ್ರಯೋಗಿಸಿದರೆ ಸ್ವಾರಸ್ಯವಾಗಿದೆ. ಸೆಬಾಸ್ಟಿಯನ್ ಕೋ 400 ಮೀಟರನ್ನು 46.87 ಸೆಕೆಂಡಿನಲ್ಲಿ ಓಡಿದ್ದರು. 1981ರಲ್ಲಿ 800 ಮೀಟರ್ 1 ನಿಮಿಷ 41.73 ಸೆಕೆಂಡು, ಅಂದರೆ ಸುತ್ತಿಗೆ 50.87. ಅಂತರ ಸರಿಯಾಗಿ ನಾಲ್ಕು! ಅದೇ ವರ್ಷ ಬ್ರಸೆಲ್ಸಿನಲ್ಲಿ ಮೈಲಿ 3 ನಿಮಿಷ 47.33, ಸುತ್ತಿಗೆ 56.8. ಇಲ್ಲಿ ಅಂತರ ಆರು. ಈಗ ಎಲ್ ಗೆರೂಜ್ ಅವರನ್ನು ನೋಡಿ. ದಾಖಲೆಯಲ್ಲಿರುವ ಅವರ ಉತ್ತಮ 800 ಮೀಟರ್ 1 ನಿಮಿಷ 47.18, ಸುತ್ತಿಗೆ 53.6. ಮೈಲಿಯಲ್ಲಿ ಸುತ್ತಿಗೆ 55.8. ಅಂತರ ಎರಡು ಸೆಕೆಂಡಿಗಿಂತ ತುಸು ಹೆಚ್ಚು. ಅವರು 800 ಮೀಟರ್ ಓಡಿದ್ದು ಅಪರೂಪ, ಮನಸ್ಸಿಟ್ಟು ಓಡಿದ್ದರೆ ಇನ್ನೂ ವೇಗವಾಗುತ್ತಿತ್ತು ಎಂಬುದನ್ನು ಒಪ್ಪೋಣ. ಆದರೂ ಎರಡು ಸುತ್ತಿನಲ್ಲಿ ಐದು ಸೆಕೆಂಡಿಗೂ ಮಿಕ್ಕಿ ಹಿಂದಿರುವ ಮನುಷ್ಯ ನಾಲ್ಕು ಸುತ್ತಿನಲ್ಲಿ ನಾಲ್ಕು ಸೆಕೆಂಡು ಮುಂದೆ ಹೋದನಲ್ಲ! ಕೋ ಅವರ ಚಾವಣಿ ಎತ್ತರ. ಎಲ್ ಗೆರೂಜ್ ತಮ್ಮ ಚಾವಣಿಯ ಹತ್ತಿರವೇ ಬಹು ದೂರ ಓಡಬಲ್ಲವರು. ನಮ್ಮ ದೇಶದ ಜಿನ್ಸನ್ ಜಾನ್ಸನ್ 2018ರಲ್ಲಿ 800 ಮೀಟರನ್ನು 1 ನಿಮಿಷ 45.65ರಲ್ಲಿಯೂ, 2019ರಲ್ಲಿ ಬರ್ಲಿನ್ನಿನಲ್ಲಿ 1500 ಮೀಟರನ್ನು 3 ನಿಮಿಷ 35.24ರಲ್ಲಿಯೂ ಓಡಿದರು. ಸುತ್ತಿಗೆ 52.8 ಮತ್ತು 57.4; ಅಂತರ ನಾಲ್ಕೂವರೆ. ಹಾರ್ವಿಲ್ ಅವರ ನಿಯಮಕ್ಕೆ ಹತ್ತಿರ.

ಚುರುಕಿನ ಬೆಲೆ ತಿಳಿಯುವುದು ಕೊನೆಯ ಫರ್ಲಾಂಗಿನಲ್ಲಿ. 1954ರ ಆಗಸ್ಟ್ 7ರಂದು ವ್ಯಾಂಕೂವರಿನಲ್ಲಿ ಬ್ಯಾನಿಸ್ಟರ್ ಮತ್ತು ಆಸ್ಟ್ರೇಲಿಯದ ಜಾನ್ ಲ್ಯಾಂಡಿ ಎದುರಾದರು. ಆಗ ಜಾಗತಿಕ ದಾಖಲೆ ಲ್ಯಾಂಡಿಯವರದು. ಕೊನೆಯ ಓಟದಲ್ಲಿ ಬ್ಯಾನಿಸ್ಟರ್ ತಮಗಿಂತ ಚುರುಕು ಎಂದು ತಿಳಿದ ಲ್ಯಾಂಡಿ ಮೊದಲಿನಿಂದಲೇ ಮುಂದೋಡಿ ಅವರ ದಮ್ಮು ಕಳೆಯಲು ನೋಡಿದರು. ಕೊನೆಯ ತಿರುವಿನಲ್ಲಿ ಎಡಕ್ಕೆ ತಿರುಗಿ ನೋಡುತ್ತಿರುವಾಗ ಬ್ಯಾನಿಸ್ಟರ್ ಬಲಗಡೆಯಿಂದ ದಾಟಿದರು. 3 ನಿಮಿಷ 58.8, ಲ್ಯಾಂಡಿಗೆ 3 ನಿಮಿಷ 59.6. ಅಲ್ಲಿ ಗೆದ್ದದ್ದು ಚುರುಕೇ. ಆದರೆ ಏಳು ಫರ್ಲಾಂಗು ಲ್ಯಾಂಡಿಯ ಬೆನ್ನು ಬಿಡದೆ ಬಂದದ್ದರಿಂದಲೇ ಅದನ್ನು ಉಪಯೋಗಿಸುವ ಪ್ರಸಂಗ ಒದಗಿತು. ಆ ದಮ್ಮನ್ನು ಬ್ಯಾನಿಸ್ಟರ್ ಹೇಗೆ ಬೆಳೆಸಿಕೊಂಡಿದ್ದರು? ಕಾಲು ಮೈಲಿಯ ಹತ್ತು ಓಟ, ನಡುವೆ ಎರಡೆರಡು ನಿಮಿಷ ಬಿಡುವು. ಚಳಿಗಾಲದಲ್ಲಿ ಪ್ರತಿಯೊಂದಕ್ಕೂ 66 ಸೆಕೆಂಡು. ವಸಂತ ಬರುವಾಗ 61ಕ್ಕೆ ಬಂದು ಅಲ್ಲಿಯೇ ನಿಂತುಬಿಟ್ಟಿತು. ಬೇಸತ್ತು ಕೆಲವು ದಿನ ಸ್ಕಾಟ್ಲೆಂಡಿಗೆ ಹೋಗಿ ಬಂಡೆ ಹತ್ತಿ ಬಂದರು. ಬಂದ ಮೇಲೆ 59! ಗಮನಿಸಿ, ಇದು ಪ್ರಾಣ ಬಿಟ್ಟು ಓಡುವ ವೇಗವಲ್ಲ; ಅವರಿಗೆ ಮೈಲಿಯಲ್ಲಿ ಬೇಕಾಗಿದ್ದ ವೇಗ.

ನ್ಯೂಜಿಲೆಂಡಿನ ಪೀಟರ್ ಸ್ನೆಲ್ ಕೂಡ 800 ಮೀಟರಿನ ಒಲಿಂಪಿಕ್ ವೀರರಾಗಿಯೂ ಭಾನುವಾರ 22 ಮೈಲಿ ಗುಡ್ಡದ ದಾರಿಯಲ್ಲಿ ಓಡುತ್ತಿದ್ದರು. ಗುರು ಆರ್ಥರ್ ಲಿಡಿಯಾರ್ಡ್ ಅವರ ಕಟ್ಟಳೆ ವಾರಕ್ಕೆ ನೂರು ಮೈಲಿ. ನಮಗೆ ಅದು ಬೇಡ. ಪಾಳಿಯ ಕೆಲಸ ಯಾರು ಮಾಡುವುದು?

ಈಗ ನಮ್ಮ ಹುಡುಗನ ಲೆಕ್ಕ. 400 ಮೀಟರ್ 64 ಸೆಕೆಂಡು. 800 ಮೀಟರ್ 2 ನಿಮಿಷ 36, ಸುತ್ತಿಗೆ 78. 1600 ಮೀಟರ್ 5 ನಿಮಿಷ 52, ಸುತ್ತಿಗೆ 88. ಅಂತರಗಳು 14 ಮತ್ತು 10! ಅವನಿಗೆ ಬೇಕಾದದ್ದು ಸುತ್ತಿಗೆ 82.5. ಮೇಲೆ ಹದಿನೆಂಟು ಸೆಕೆಂಡಿನ ಜಾಗ ಖಾಲಿ ಬಿದ್ದಿತ್ತು. ಅದೇ ಸಮಯದಲ್ಲಿ ನಮ್ಮ ಖಾತೆಯ ಜೊತೆಗಾರರೊಬ್ಬರು, ನಲವತ್ತರ ಸಮೀಪದವರು, ಗಿರಣಿಯ ಕ್ರೀಡಾದಿನಕ್ಕಾಗಿ ಓಡುತ್ತಿದ್ದರು. ಅವರ 1600 ಮೀಟರ್ 5 ನಿಮಿಷ 50. ಹುಡುಗನಿಗೂ ಅವರಿಗೂ ಎರಡೇ ಸೆಕೆಂಡು ವ್ಯತ್ಯಾಸ. ಆದರೆ ಅವರ 400 ಮೀಟರ್ 76 ಸೆಕೆಂಡು, 800 ಮೀಟರ್ 2 ನಿಮಿಷ 44. ಸುತ್ತಿನ ಲೆಕ್ಕ 76, 82, 87.5; ಅಂತರ ಆರು ಮತ್ತು ಐದೂವರೆ. ಇವರ ತಲೆ ಆಗಲೇ ಚಾವಣಿಯ ಬಳಿ ಇತ್ತು. ವಿಚಿತ್ರವೆಂದರೆ ಹುಡುಗ ದಿನಾ ನೂರು ಮೀಟರ್ ಓಡುತ್ತಿದ್ದ, ಇವರು ದಿನಾ ಆರು ಕಿಲೋಮೀಟರ್ ನಿಧಾನ ಓಡುತ್ತಿದ್ದರು. ಇಬ್ಬರಿಗೂ ಬರುತ್ತಿದ್ದ ವಿದ್ಯೆಯನ್ನೇ ಇಬ್ಬರೂ ಮತ್ತೆ ಮತ್ತೆ ಮಾಡುತ್ತಿದ್ದರು.

ಇಬ್ಬರ ಔಷಧಿಯನ್ನು ಅದಲುಬದಲು ಮಾಡಿದೆವು. ಹುಡುಗನಿಗೆ ವಾರದಲ್ಲಿ ನಾಲ್ಕು ದಿನ, ಪಕ್ಕದವನೊಡನೆ ಮಾತಾಡಬಲ್ಲಷ್ಟು ನಿಧಾನವಾಗಿ ಐದರಿಂದ ಎಂಟು ಕಿಲೋಮೀಟರ್. ಒಂದು ದಿನ 400 ಮೀಟರಿನ ಐದು ಓಟ, ಒಂದೊಂದಕ್ಕೆ 84 ಸೆಕೆಂಡು, ನಡುವೆ ಎರಡು ನಿಮಿಷ ಬಿಡುವು. ತಿಂಗಳಾದ ಮೇಲೆ 82. ನೂರು ಮೀಟರಿನ ಓಟಕ್ಕೆ ರಜೆ. ಅವನಿಗೆ ಇದು ಅವಮಾನವೆನಿಸಿತು. "ಮುದುಕರ ಓಟ" ಎಂದ. ಅವನ ವಯಸ್ಸಿನ ಮಿತಿಗೆ ಇನ್ನು ಒಂದೇ ಭರತಿ ಉಳಿದಿತ್ತು. ನಮ್ಮ ಮಾತನ್ನು ಎರಡನೆಯ ಸಲ ನಂಬಲು ಅವನಿಗೆ ಕಾರಣವೇನೂ ಇರಲಿಲ್ಲ. ಆದರೂ ನಂಬಿದ.

ಹದಿನಾಲ್ಕು ವಾರಗಳ ಮೇಲೆ ಮತ್ತೆ ಅಳೆದೆವು. 400 ಮೀಟರ್ 65 ಸೆಕೆಂಡು, ಅಂದರೆ ಒಂದು ಸೆಕೆಂಡು ಮೊದಲಿಗಿಂತ ಕಡೆ. 1600 ಮೀಟರ್ 5 ನಿಮಿಷ 24. ವಾಚು ಕೆಟ್ಟಿದೆಯೆಂದು ಅವನೇ ಹೇಳಿದ. ಮರುವಾರ ಬೇರೆ ವಾಚಿನಿಂದ ಅಳೆದರೂ 5 ನಿಮಿಷ 25. ಭರತಿಯ ದಿನ 5-30ರ ಒಳಗಿನ ಗುಂಪಿನಲ್ಲಿ ಬಂದ.

ನಮ್ಮ ಜೊತೆಗಾರರಿಗೆ ವಾರಕ್ಕೆ ಎರಡು ದಿನ 80 ಮೀಟರಿನ ಆರು ಓಟ. ಹತ್ತರಲ್ಲಿ ಒಂಬತ್ತು ಪಾಲು ವೇಗ, ಮೈ ಬಿಗಿಯಬಾರದು, ನಡುವೆ ಮೂರು ನಿಮಿಷ ನಡಿಗೆ. ಮೊದಲು ಕಾಲು ಗಂಟೆ ಮೈ ಬೆಚ್ಚಗಾಗಲೇಬೇಕು. ಮೊದಲ ವಾರ ಅದನ್ನು ತಪ್ಪಿಸಿ ತೊಡೆಯ ಹಿಂಭಾಗ ಹಿಡಿದು ಎಂಟು ದಿನ ಕುಂಟಿದರು. 400 ಮೀಟರ್ 76ರಿಂದ 73ಕ್ಕೆ ಇಳಿಯಿತು, 1600 ಮೀಟರ್ 5 ನಿಮಿಷ 39ಕ್ಕೆ. ಆ ವಯಸ್ಸಿನಲ್ಲಿ ಚುರುಕು ಸುಲಭವಾಗಿ ಬರುವುದಿಲ್ಲ, ದಮ್ಮು ಬರುತ್ತದೆ. ಅವರು ಒಪ್ಪಿಲ್ಲ, 5-30 ಮುಟ್ಟದೆ ಬಿಡೆನೆಂದು ಈಗಲೂ ಓಡುತ್ತಿದ್ದಾರೆ.

ವಾಚಕರಲ್ಲಿ ಯಾರಾದರೂ ತಮ್ಮ ಲೆಕ್ಕ ಹಾಕಿಕೊಳ್ಳುವುದಾದರೆ ಮೂರು ಓಟಗಳನ್ನು ಮೂರು ಬೇರೆ ದಿನ, ಮೈದಾನವನ್ನು ಟೇಪಿನಿಂದ ಅಳೆದ ಮೇಲೆಯೇ ಓಡಿ. ಹೆಜ್ಜೆಯಿಂದ ಅಳೆದ ಸುತ್ತು ಯಾವಾಗಲೂ ಓಡುವವನ ಪಕ್ಷವನ್ನೇ ವಹಿಸುತ್ತದೆ. ನಮ್ಮಂಥವರಲ್ಲಿ ಎರಡೂ ಅಂತರಗಳು ಆರೇಳು ಸೆಕೆಂಡಿಗಿಂತ ಹೆಚ್ಚಿದ್ದರೆ ದೂರ ಓಡಿ; ಐದಕ್ಕಿಂತ ಕಡಿಮೆಯಿದ್ದರೆ ಚುರುಕನ್ನು ಬೆಳೆಸಿ. ಇದು ಕೆಲವೇ ಜನರನ್ನು ಅಳೆದು ನಾವು ಕಂಡುಕೊಂಡ ಅಂದಾಜು, ಶಾಸ್ತ್ರವಲ್ಲ. ವಾಚೂ ಟೇಪೂ ವಾಚನಾಲಯದ ಎರಡನೆಯ ಬೀರುವಿನಲ್ಲಿವೆ. ಒಯ್ಯುವವರು ಪುಸ್ತಕದ ಹಾಗೆಯೇ ರುಜು ಹಾಕಿ ಒಯ್ಯಬೇಕು, ಸೋಮವಾರ ಸಂಜೆಯೊಳಗೆ ತಂದಿಡಬೇಕು.