ಯುವಜನರ ಭಾಷಾಧೋರಣೆ: ಕೊಂಕಲ್ ಪರಿಸರದ ನೆಲೆಯಿಂದ ಕೆಲವು ಟಿಪ್ಪಣಿಗಳು

ದ್ವಿಭಾಷಿಕ ಸಮಾಜದ ಯುವಜನರ ಭಾಷಾಧೋರಣೆಯನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಕನ್ನಡ ಮತ್ತು ಇಂಗ್ಲಿಶ್‌ಗಳ ಮುಖಾಮುಖಿಯಲ್ಲೇ ಮುಗಿದುಹೋಗುತ್ತದೆ. ಯಾದಗಿರಿ ಜಿಲ್ಲೆಯ ಕೊಂಕಲ್ ಪರಿಸರಕ್ಕೆ ಈ ಚೌಕಟ್ಟು ಸಾಲದು. 1948ರವರೆಗೆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಈ ಪ್ರದೇಶದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಅದೇ ಆಗಿತ್ತು. ಇಲ್ಲಿನವರು ಕನ್ನಡ ರಾಜ್ಯದೊಳಗೆ ಬಂದುದು 1956ರಲ್ಲಿ. ಕನ್ನಡದೊಡನೆ ದಖನಿ ಉರ್ದು, ತೆಲುಗು, ಲಂಬಾಣಿಗಳು ಜಿಲ್ಲೆಯಲ್ಲಿ ಇಂದಿಗೂ ನಿತ್ಯದ ಮಾತುಗಳು. ಆದರೆ 2011ರ ಜನಗಣತಿಯ ಭಾಷಾ ಕೋಷ್ಟಕದಲ್ಲಿ ಲಂಬಾಣಿಯು ಹಿಂದಿಯ ಅಡಿಯಲ್ಲಿ ಸೇರಿಹೋಗಿದೆ. ತಾಂಡಾದ ಯುವಕನನ್ನು 'ನಿನ್ನ ಮಾತೃಭಾಷೆ ಯಾವುದು?' ಎಂದು ಕೇಳುವ ಸಂಶೋಧಕನು ಈ ಸಂಗತಿಯನ್ನು ಮೊದಲು ತಿಳಿದಿರಬೇಕು.

ಇಷ್ಟಾಗಿಯೂ ಈ ಭಾಗದ ಕನ್ನಡ ವಿದ್ಯಾರ್ಥಿಯ ಅಳುಕು ಮುಖ್ಯವಾಗಿ ಅನ್ಯಭಾಷೆಗೆ ಸಂಬಂಧಿಸಿದ್ದಲ್ಲ, ತನ್ನದೇ ಕನ್ನಡಕ್ಕೆ ಸಂಬಂಧಿಸಿದ್ದು ಎಂಬುದು ಪ್ರಸ್ತುತ ಲೇಖನದ ನಿಲುವು. ಮನೆಯಲ್ಲಿ 'ಜಲ್ದಿ', 'ದವಾಖಾನಿ' ಎನ್ನುವವನು ತರಗತಿಯಲ್ಲಿ 'ಬೇಗ', 'ಆಸ್ಪತ್ರೆ' ಎಂದು ತಿದ್ದಿಕೊಳ್ಳುತ್ತಾನೆ. 'ಮಾಡ್ಲಾಕತ್ತೀನಿ' ಎಂಬ ಕ್ರಿಯಾರೂಪವು ಉತ್ತರಪತ್ರಿಕೆಯಲ್ಲಿ ತಪ್ಪಾಗುತ್ತದೆ. ಆದರೆ 'ಅರ್ಜಿ', 'ಜಮೀನು', 'ದಸ್ತಾವೇಜು' ಪದಗಳೂ ಅರಬ್ಬಿ-ಪಾರಸಿ ಮೂಲದವೇ. ಅವುಗಳನ್ನು ಯಾರೂ ಕನ್ನಡದಿಂದ ಹೊರಗಿಡುವುದಿಲ್ಲ. 'ಆಸ್ಪತ್ರೆ'ಯಾದರೂ ಯುರೋಪಿನಿಂದ ಬಂದ ಪದ! ಆದ್ದರಿಂದ ಇಲ್ಲಿ ತೀರ್ಮಾನವಾಗುತ್ತಿರುವುದು ಪದದ ಶುದ್ಧಿಯಲ್ಲ, ಆ ಪದವನ್ನು ಆಡುವವರ ಸ್ಥಾನಮಾನ. ಈ ತೀರ್ಮಾನದಲ್ಲಿ ಕನ್ನಡ ಅಧ್ಯಾಪಕರಾದ ನಮ್ಮ ಕೆಂಪು ಶಾಯಿಯ ಪಾಲು ಸಣ್ಣದಲ್ಲ.

ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಮಾಂಟ್ರಿಯಲ್‌ನಲ್ಲಿ ನಡೆಸಿ 1960ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿ ನೆನೆಯಬಹುದು. ಒಬ್ಬನೇ ದ್ವಿಭಾಷಿಕನು ಫ್ರೆಂಚ್ ಮತ್ತು ಇಂಗ್ಲಿಶ್‌ಗಳಲ್ಲಿ ಓದಿದ ಧ್ವನಿಮುದ್ರಿಕೆಗಳನ್ನು, ಬೇರೆ ಬೇರೆ ವ್ಯಕ್ತಿಗಳ ಧ್ವನಿಯೆಂದು ಭಾವಿಸಿದ ವಿದ್ಯಾರ್ಥಿಗಳು ಅಳೆದರು. ಫ್ರೆಂಚ್ ಮಾತನಾಡುವ ವಿದ್ಯಾರ್ಥಿಗಳೇ ಹಲವು ಗುಣಗಳಲ್ಲಿ ಇಂಗ್ಲಿಶ್ ಧ್ವನಿಗೆ ಹೆಚ್ಚಿನ ಮನ್ನಣೆ ಕೊಟ್ಟರು. 'ನಿನಗೆ ಯಾವ ಭಾಷೆ ಇಷ್ಟ?' ಎಂದು ನೇರವಾಗಿ ಕೇಳಿದ್ದರೆ ಈ ಫಲಿತಾಂಶ ದೊರೆಯುತ್ತಿತ್ತೆಂದು ಹೇಳಲಾಗದು. ನಮ್ಮ ಪ್ರಶ್ನಾವಳಿಗಳು ಕೇಳುವುದು ಬಹುತೇಕ ಇದನ್ನೇ. 'ಕನ್ನಡ' ಎಂಬ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಅದು ಯಾವ ಕನ್ನಡ ಎಂಬುದು ಮಾತ್ರ ದಾಖಲಾಗುವುದಿಲ್ಲ.

ಈ ಜಿಲ್ಲೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಅಲ್ಲಿ ಅವರ ಊರನ್ನು ಮೊದಲು ಗುರುತಿಸಿಕೊಡುವುದು ಅವರ ಕನ್ನಡವೇ. ಆದುದರಿಂದ ಕೊಂಕಲ್ ಪರಿಸರದಲ್ಲಿ ಇಂತಹ ಅಧ್ಯಯನ ಕೈಗೊಳ್ಳುವವರು ಕನ್ನಡ–ಇಂಗ್ಲಿಶ್ ಜೋಡಿಯ ಜತೆಗೆ ಒಬ್ಬನೇ ಭಾಷಿಕನ ಊರ ಕನ್ನಡ ಮತ್ತು ಪಠ್ಯದ ಕನ್ನಡಗಳನ್ನು ಮುದ್ರಿಸಿಕೊಂಡು, ಮೊದಲು ವಿದ್ಯಾರ್ಥಿಗಳಿಗೂ ಬಳಿಕ ಅವರ ಅಧ್ಯಾಪಕರಿಗೂ ಕೇಳಿಸುವುದು ಉಚಿತ.